ಕಂಪ್ಯೂಟರ್ ಎಂಬ್ರಾಯ್ಡರಿಯ ಫೈಲ್: ಬಟ್ಟೆ ಮೊದಲು, ಪರದೆ ಆಮೇಲೆ

(ಉಡುಪು ವಿನ್ಯಾಸದ ವಿದ್ಯಾರ್ಥಿಗಳೂ ಸಣ್ಣ ಎಂಬ್ರಾಯ್ಡರಿ ಘಟಕಗಳನ್ನು ನಡೆಸುವವರೂ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಕೆಲವರು ವಿನ್ಯಾಸ ಬರೆಯುವವರು, ಕೆಲವರು ಯಂತ್ರ ನಡೆಸುವವರು. ಈ ಇಬ್ಬರ ನಡುವೆ ಆಗಾಗ ನಡೆಯುವ ತಕರಾರಿಗೆ ಮೂಲ ಒಂದೇ: ಒಬ್ಬರು ಕೊಡುವುದು ಚಿತ್ರ, ಇನ್ನೊಬ್ಬರಿಗೆ ಬೇಕಾದದ್ದು ಹೊಲಿಗೆಯ ಲೆಕ್ಕ. ಒಂದನ್ನು ಇನ್ನೊಂದಾಗಿ ಮಾಡುವ ಕೆಲಸವನ್ನು ನಮ್ಮ ಕಾರ್ಖಾನೆಗಳಲ್ಲಿ ಪಂಚಿಂಗ್ ಎಂದೂ ಕಾಲೇಜುಗಳಲ್ಲಿ ಡಿಜಿಟೈಸಿಂಗ್ ಎಂದೂ ಕರೆಯುತ್ತಾರೆ. ಸಾಫ್ಟ್‌ವೇರ್‌ನ ಗುಂಡಿಗಳನ್ನು ತೋರಿಸಿಕೊಡುವ ಪಾಠಗಳು ಬೇಕಾದಷ್ಟಿವೆ, ಹಾಗಾಗಿ ಅದನ್ನು ಇಲ್ಲಿ ಮಾಡುವುದಿಲ್ಲ. ನೂರಾರು ಅಂಗಿಗಳ ಆರ್ಡರ್ ಕೈಗೆ ಬಂದಾಗ ಫೈಲ್ ಹೇಗಿದ್ದರೆ ಕೆಲಸ ಸಲೀಸಾಗಿ ಸಾಗುತ್ತದೆ, ಹೇಗಿದ್ದರೆ ಕೆಡುತ್ತದೆ ಎಂಬುದಷ್ಟೇ ನನ್ನ ವಿಷಯ.

ಮೊದಲು ಯಂತ್ರಕ್ಕೆ ಏನು ಗೊತ್ತು ಎಂಬುದನ್ನು ನೋಡೋಣ. ನಮ್ಮಲ್ಲಿ ಹೆಚ್ಚು ಓಡಾಡುವುದು ಡಿಎಸ್‌ಟಿ ಫೈಲ್. ಜಪಾನಿನ ತಾಜಿಮಾ ಯಂತ್ರಗಳಿಗಾಗಿ ಬಂದ ಈ ಮಾದರಿಯನ್ನು ಈಗ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಯಂತ್ರಗಳೂ ಓದುತ್ತವೆ. ಇದರೊಳಗೆ ಹೂವೂ ಇಲ್ಲ, ನವಿಲೂ ಇಲ್ಲ. ಬಟ್ಟೆ ಬಿಗಿದ ಫ್ರೇಮನ್ನು ಅಡ್ಡಕ್ಕೆ ಇಷ್ಟು ಸರಿಸು, ಉದ್ದಕ್ಕೆ ಇಷ್ಟು ಸರಿಸು, ಸೂಜಿ ಇಳಿಸು, ಇಲ್ಲಿ ಹೊಲಿಯದೆ ದಾಟು, ಇಲ್ಲಿ ನಿಂತು ಬಣ್ಣ ಬದಲಿಸು, ಮುಗಿಯಿತು ಎಂಬ ಆಜ್ಞೆಗಳ ಸಾಲು ಮಾತ್ರ ಇದೆ. ಪ್ರತಿ ಆಜ್ಞೆಗೆ ಮೂರು ಬೈಟ್. ಅಳತೆಯ ಘಟಕ ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಆಜ್ಞೆಯಲ್ಲಿ ಫ್ರೇಮ್ ಯಾವುದೇ ದಿಕ್ಕಿಗೆ 12.1 ಮಿ.ಮೀ.ಗಿಂತ ಹೆಚ್ಚು ಸರಿಯಲಾರದು. ದಾರದ ಬಣ್ಣ ಯಾವುದೆಂಬ ಮಾಹಿತಿ ಇದರಲ್ಲಿ ಇಲ್ಲವೇ ಇಲ್ಲ. ಬದಲಿಸು ಎನ್ನುತ್ತದೆಯೇ ಹೊರತು ಯಾವುದಕ್ಕೆ ಎನ್ನುವುದಿಲ್ಲ. ಕನ್ನಡ ಬಾವುಟದ ಬ್ಯಾಡ್ಜಿನ ಡಿಎಸ್‌ಟಿ ಫೈಲನ್ನು ಮಾತ್ರ ಕಳಿಸಿ, ಯಾವ ಸೂಜಿಗೆ ಯಾವ ದಾರ ಎಂಬ ಚೀಟಿಯನ್ನು ಕಳಿಸದೆ ಹೋದರೆ, ಕೆಂಪು ಮೇಲಕ್ಕೂ ಹಳದಿ ಕೆಳಕ್ಕೂ ಬಂದ ಬಾವುಟ ಯಂತ್ರದ ಪ್ರತಿ ಹೆಡ್ಡಿಗೆ, ಅಂದರೆ ಒಂದೊಂದು ಬಟ್ಟೆಯನ್ನು ಒಟ್ಟಿಗೇ ಹೊಲಿಯುವ ಪ್ರತಿ ಸೂಜಿತಲೆಗೆ, ಒಂದರಂತೆ ತಯಾರಾಗಿ ಕೂತಿರುತ್ತದೆ, ಮತ್ತು ಆಪರೇಟರನ್ನು ಅದಕ್ಕಾಗಿ ಬೈಯುವ ಹಾಗಿಲ್ಲ.

ಇದಕ್ಕಿಂತ ದುಬಾರಿ ಸಮಸ್ಯೆ ಅಳತೆ ಬದಲಿಸುವುದರಲ್ಲಿದೆ. ವಿಲ್ಕಾಮ್‌ನ ಇಎಂಬಿಯಂಥ, ವಿನ್ಯಾಸ ಮಾಡಿದ ಸಾಫ್ಟ್‌ವೇರ್ ಉಳಿಸಿಡುವ ಮೂಲ ಫೈಲಿನಲ್ಲಿ ಆಕೃತಿ, ಹೊಲಿಗೆಯ ಜಾತಿ, ಸಾಂದ್ರತೆ, ದಿಕ್ಕು ಎಲ್ಲವೂ ಬೇರೆಬೇರೆಯಾಗಿ ಉಳಿದಿರುತ್ತವೆ, ಆದ್ದರಿಂದ ಅಳತೆ ಬದಲಾದಾಗ ಸಾಫ್ಟ್‌ವೇರ್ ಹೊಲಿಗೆಗಳನ್ನು ಮತ್ತೆ ಲೆಕ್ಕ ಹಾಕುತ್ತದೆ. ಡಿಎಸ್‌ಟಿಯಲ್ಲಿ ಸೂಜಿ ಬೀಳುವ ಚುಕ್ಕೆಗಳು ಮಾತ್ರ ಉಳಿದಿರುವುದರಿಂದ ಯಂತ್ರದ ಪರದೆಯಲ್ಲಿ ಅದನ್ನು ಕುಗ್ಗಿಸಿದರೆ ಚುಕ್ಕೆಗಳು ಹತ್ತಿರವಾಗುತ್ತವೆ, ಅಷ್ಟೆ. 100 ಮಿ.ಮೀ. ಅಗಲದ ಲೋಗೋವನ್ನು 80ಕ್ಕೆ ಇಳಿಸಿದಿರಿ ಎನ್ನೋಣ. ಸಾಲುಗಳ ನಡುವೆ ಇದ್ದ 0.4 ಮಿ.ಮೀ. ಅಂತರ 0.32 ಆಗುತ್ತದೆ, ಪ್ರತಿ ಹೊಲಿಗೆಯೂ ಐದನೇ ಒಂದು ಭಾಗ ಗಿಡ್ಡವಾಗುತ್ತದೆ, ಅಷ್ಟೇ ಜಾಗದಲ್ಲಿ ಬೀಳುವ ಸೂಜಿಯ ಪೆಟ್ಟು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ದಾರ ಹರಿಯುತ್ತದೆ, ಲೋಗೋ ಹಲಗೆಯಂತೆ ಸೆಟೆಯುತ್ತದೆ, ತೆಳು ಬಟ್ಟೆಯಾದರೆ ಅಂಚಿನಲ್ಲಿ ಕತ್ತರಿಸಿಕೊಂಡೇ ಬರುತ್ತದೆ. 130ಕ್ಕೆ ಹಿಗ್ಗಿಸಿದರೆ ಅಂತರ 0.52 ಆಗಿ ಕೆಳಗಿನ ಬಟ್ಟೆ ಇಣುಕುತ್ತದೆ. ಡಿಎಸ್‌ಟಿಯಿಂದ ಆಕೃತಿಯನ್ನು ಊಹಿಸಿ ಮರುಲೆಕ್ಕ ಹಾಕುವ ಸೌಲಭ್ಯ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ. ಶೇಕಡಾ ಐದರಷ್ಟು ವ್ಯತ್ಯಾಸಕ್ಕೆ ಅದು ಸಾಲಬಹುದು, ಅದಕ್ಕಿಂತ ಮುಂದೆ ನಾನು ಅದನ್ನು ನಂಬುವುದಿಲ್ಲ. ಜೇಬಿನ ಲೋಗೋ, ಬೆನ್ನಿನ ಲೋಗೋ, ಟೋಪಿಯ ಲೋಗೋ ಮೂರಕ್ಕೂ ಪ್ರತ್ಯೇಕ ಫೈಲುಗಳೇ ಬೇಕು, ಮೂರನ್ನೂ ಮೂಲ ಫೈಲಿನಿಂದಲೇ ತೆಗೆಯಬೇಕು.

ಇಷ್ಟು ಹೇಳಿದ ಮೇಲೆ ಬಟ್ಟೆಯ ಮಾತಿಗೆ ಬರುತ್ತೇನೆ. ಗ್ರಾಹಕರು ಲೋಗೋ ಕಳಿಸಿದಾಗ ನಾನು ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಅಳತೆಯದ್ದೂ ಅಲ್ಲ. ಇದು ಯಾವ ಬಟ್ಟೆಯ ಮೇಲೆ ಬರುತ್ತದೆ ಎಂಬುದು. ಹೊಲಿಗೆ ಬಟ್ಟೆಯನ್ನು ಎಳೆಯುತ್ತದೆ. ದಾರ ಯಾವ ದಿಕ್ಕಿಗೆ ಹಾಯುತ್ತದೆಯೋ ಆ ದಿಕ್ಕಿನಲ್ಲಿ ಆಕೃತಿ ಕುಗ್ಗುತ್ತದೆ, ಅದಕ್ಕೆ ಅಡ್ಡವಾದ ದಿಕ್ಕಿನಲ್ಲಿ ಸ್ವಲ್ಪ ಹೊರಚಾಚುತ್ತದೆ. ಅಡ್ಡ ಹೊಲಿಗೆಯಿಂದ ತುಂಬಿದ ಗುಂಡನೆಯ ವೃತ್ತ ಪರದೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಟಿ-ಶರ್ಟಿನ ಮೇಲೆ ಉದ್ದುದ್ದ ಮೊಟ್ಟೆಯಾಗಿ ಇಳಿಯುವುದು ಇದೇ ಕಾರಣಕ್ಕೆ. ಅದರ ಸುತ್ತ ಕಪ್ಪು ಗೆರೆ ಇದ್ದರಂತೂ ಎಡಬಲದಲ್ಲಿ ಬಿರುಕು ಬಿಟ್ಟು ಬಿಳಿ ಬಟ್ಟೆ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ಆಕೃತಿಯನ್ನು ಎಳೆತದ ದಿಕ್ಕಿನಲ್ಲಿ ಮೊದಲೇ ಅಗಲ ಮಾಡಿಡಬೇಕು; ಪುಲ್ ಕಾಂಪೆನ್ಸೇಶನ್ ಎನ್ನುವುದು ಇದನ್ನೇ. ಬಿಗಿ ನೇಯ್ಗೆಯ ಕಾಟನ್ ಶರ್ಟಿಗೆ 0.2 ಮಿ.ಮೀ. ಸಾಕು. ಹಿಗ್ಗುವ ಹೆಣಿಗೆ ಬಟ್ಟೆಗೆ 0.35 ಅಥವಾ 0.4 ಬೇಕಾಗುತ್ತದೆ. ಹೊರಗೆರೆಯ ಅಡಿಗೆ ಒಳಗಿನ ತುಂಬು ಹೊಲಿಗೆ ಸ್ವಲ್ಪ ನುಗ್ಗಿರುವಂತೆಯೂ ನೋಡಿಕೊಳ್ಳಬೇಕು.

ಮೇಲಿನ ಹೊಲಿಗೆಗಿಂತ ಅಡಿಯ ಹೊಲಿಗೆಗೆ, ಅಂದರೆ ಅಂಡರ್‌ಲೇಗೆ, ಹೆಚ್ಚು ಗಮನ ಕೊಡಬೇಕೆಂದು ನಾನು ಹೇಳುತ್ತಲೇ ಇರುತ್ತೇನೆ. ಅಂಡರ್‌ಲೇ ಬಟ್ಟೆಯನ್ನೂ ಹಿಂದಿನ ಬ್ಯಾಕಿಂಗ್ ಕಾಗದವನ್ನೂ ಒಂದಕ್ಕೊಂದು ಹಿಡಿದು ಕೂರಿಸುತ್ತದೆ, ಮೇಲಿನ ದಾರ ಬಟ್ಟೆಯ ಎಳೆಗಳೊಳಗೆ ಮುಳುಗದಂತೆ ತಡೆಯುತ್ತದೆ. ಶಾಲೆ, ಕಂಪನಿಗಳ ಟಿ-ಶರ್ಟುಗಳಿಗೆ ಬಳಸುವ ಗುಳಿಗುಳಿಯಾದ ಪಿಕೆ ಬಟ್ಟೆಗೆ ಅಂಚಿನ ಓಟದ ಹೊಲಿಗೆಯ ಮೇಲೆ ಝಿಗ್‌ಝ್ಯಾಗ್ ಎರಡನ್ನೂ ಕೊಡಬೇಕು, ಹಿಂದೆ ಕತ್ತರಿಸಿ ತೆಗೆಯುವ ಕಟ್-ಅವೇ ಬ್ಯಾಕಿಂಗ್ ಹಾಕಬೇಕು. ಹರಿದು ತೆಗೆಯುವ ಟೇರ್-ಅವೇ ಹಾಕಿದರೆ ಕೆಲವು ಒಗೆತದಲ್ಲೇ ಲೋಗೋ ಸುಕ್ಕಾಗುತ್ತದೆ. ಟವೆಲ್ ಮತ್ತು ವೆಲ್ವೆಟ್‌ಗೆ ಮೇಲಿನಿಂದ ನೀರಿನಲ್ಲಿ ಕರಗುವ ತೆಳು ಹಾಳೆ ಬೇಕು. ಅದೇ ಫೈಲನ್ನು ಮೈಸೂರು ರೇಷ್ಮೆಯ ಕ್ರೇಪ್ ಮೇಲೆ ಓಡಿಸಿದರೆ ಅದೇ ಅಂಡರ್‌ಲೇ ಶತ್ರುವಾಗುತ್ತದೆ. ರೇಷ್ಮೆಯಲ್ಲಿ ಸೂಜಿ ಮಾಡಿದ ತೂತು ಸುಲಭವಾಗಿ ಮುಚ್ಚಿಕೊಳ್ಳುವುದಿಲ್ಲ. ಅಲ್ಲಿ 75/11ರ ಬದಲು ಅದಕ್ಕಿಂತ ತೆಳುವಾದ 65/9ರ ಸೂಜಿ, ಸಾಲುಗಳ ನಡುವೆ 0.45 ಮಿ.ಮೀ. ಅಂತರ, ಅಡಿಯಲ್ಲಿ ಒಂದೇ ಒಂದು ಮಧ್ಯದ ಓಟ, ಇಷ್ಟರಲ್ಲಿ ಮುಗಿಸಬೇಕು. ಜರಿ ದಾರ ಬಳಸುವುದಾದರೆ ಲೆಕ್ಕ ಮತ್ತೆ ಬದಲಾಗುತ್ತದೆ: ಕಣ್ಣು ದೊಡ್ಡದಿರುವ ಸೂಜಿ, ನಿಮಿಷಕ್ಕೆ 600ರ ಆಸುಪಾಸಿನ ವೇಗ, ಗಿಡ್ಡ ಹೊಲಿಗೆಗಳಿಲ್ಲದ, ಚೂಪು ತಿರುವುಗಳಿಲ್ಲದ ಫೈಲ್. ಸಾಮಾನ್ಯ ರೇಯಾನ್ ದಾರಕ್ಕೆಂದು ಮಾಡಿದ ಫೈಲಿಗೆ ಜರಿ ಏರಿಸಿ, ದಾರದ ಗುಣಮಟ್ಟ ಸರಿಯಿಲ್ಲವೆಂದು ಅಂಗಡಿಯವರ ಮೇಲೆ ಹರಿಹಾಯುವುದನ್ನು ನೀವೂ ನೋಡಿರುತ್ತೀರಿ.

ಕನ್ನಡ ಅಕ್ಷರಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಈ ಬಗ್ಗೆ ಯಾವ ಯಂತ್ರದ ಕೈಪಿಡಿಯೂ ಹೇಳುವುದಿಲ್ಲ. ಎಂಬ್ರಾಯ್ಡರಿ ಸಾಫ್ಟ್‌ವೇರ್ ಜೊತೆಗೆ ಬರುವ, ಹೊಲಿಗೆಗೆಂದೇ ತಿದ್ದಿ ಮಾಡಿದ ಅಕ್ಷರಮಾಲೆಗಳು ಬಹುಮಟ್ಟಿಗೆ ರೋಮನ್ ಲಿಪಿಯವು. ಸಾಮಾನ್ಯ ದಪ್ಪದ 40ರ ದಾರದಲ್ಲಿ 5 ಮಿ.ಮೀ. ಎತ್ತರದ ರೋಮನ್ ದೊಡ್ಡಕ್ಷರ ಓದಲು ಬರುತ್ತದೆ. ಅದೇ ಎತ್ತರದಲ್ಲಿ ಕನ್ನಡ ಬರೆದರೆ ಅಕ್ಷರವಿರುವ ಜಾಗದಲ್ಲಿ ಗಂಟು ಕಾಣುತ್ತದೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ, ನಡುವೆ ಸುರುಳಿ. ‘ಸರ್ಕಾರಿ ಪ್ರೌಢಶಾಲೆ’ ಎಂಬ ಎರಡು ಪದಗಳನ್ನೇ ತೆಗೆದುಕೊಳ್ಳಿ. ‘ಢ’ಕಾರದ ಹೊಟ್ಟೆ ಸೀಳಿರಬೇಕು, 6 ಮಿ.ಮೀ. ಅಕ್ಷರದಲ್ಲಿ ಆ ಸೀಳಿಗೆ ಸಿಗುವ ಜಾಗ ಅರ್ಧ ಮಿಲಿಮೀಟರ್, ದಾರದ ದಪ್ಪವೇ ಸುಮಾರು 0.4. ಎರಡೂ ಬದಿಯ ಸ್ಯಾಟಿನ್, ಅಂದರೆ ಗೆರೆಯ ಈ ಅಂಚಿನಿಂದ ಆ ಅಂಚಿಗೆ ಒತ್ತೊತ್ತಾಗಿ ಹಾಯುವ ಹೊಲಿಗೆ, ಉಬ್ಬಿ ಸೀಳು ಮುಚ್ಚಿಹೋಗಿ ಪ್ರೌಢಶಾಲೆ ‘ಪ್ರೌಡಶಾಲೆ’ಯಾಗುತ್ತದೆ, ಮತ್ತು ಅದು ಮಕ್ಕಳ ಎದೆಯ ಮೇಲೆ ವರ್ಷವಿಡೀ ಓಡಾಡುತ್ತದೆ. ‘ಠ’ದ ಒಳಚುಕ್ಕೆ, ಅನುಸ್ವಾರದ ಸೊನ್ನೆಯ ತೂತು, ‘ಷ’ದ ಒಳಗೆರೆ ಇವೆಲ್ಲಕ್ಕೂ ಇದೇ ಗತಿ.

ಆದ್ದರಿಂದ ಕನ್ನಡಕ್ಕೆ ನಾನು ಇಟ್ಟುಕೊಂಡಿರುವ ಕನಿಷ್ಠ ಎತ್ತರ, ಒತ್ತನ್ನು ಬಿಟ್ಟು, 8 ಮಿ.ಮೀ.; 60ರ ತೆಳು ದಾರ ಮತ್ತು 65/9ರ ಸೂಜಿ ಇದ್ದರೆ 6ರವರೆಗೆ ಇಳಿಯಬಹುದು. ಸ್ಯಾಟಿನ್ ಪಟ್ಟಿ 1 ಮಿ.ಮೀ.ಗಿಂತ ಕಿರಿದಾಗಬಾರದು, ಒಳಗಿನ ತೂತು ಅದಕ್ಕಿಂತಲೂ ಕಿರಿದಾಗಬಾರದು. ಸೀಳನ್ನು ಚಿತ್ರದಲ್ಲಿರುವುದಕ್ಕಿಂತ ಅಗಲವಾಗಿ ಬಿಡಿಸಬೇಕು, ಅಗತ್ಯಬಿದ್ದರೆ ಪಕ್ಕದ ಗೆರೆಯನ್ನೇ ಒಂದಿಷ್ಟು ತೆಳುಮಾಡಬೇಕು. ಅಕ್ಷರಶೈಲಿಯ ಶುದ್ಧತೆಗಿಂತ ಓದು ಮುಖ್ಯ. ಸುರುಳಿಯ ಒಳತಿರುವಿನಲ್ಲಿ ಹೊಲಿಗೆಗಳು ಒಂದರ ಮೇಲೊಂದು ಕಿಕ್ಕಿರಿಯದಂತೆ ಕೆಲವನ್ನು ಗಿಡ್ಡಮಾಡಿ ನಡುದಾರಿಯಲ್ಲೇ ನಿಲ್ಲಿಸುವ ಸೌಲಭ್ಯವನ್ನು ಬಳಸಬೇಕು. ಇನ್ನೊಂದು ಎಚ್ಚರಿಕೆ: ಎಂಬ್ರಾಯ್ಡರಿ ಸಾಫ್ಟ್‌ವೇರ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸದಿದ್ದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ಪೂರ್ಣಾಕ್ಷರವಾಗಿ ಕೂತುಬಿಡುತ್ತದೆ. ಇಂಕ್‌ಸ್ಕೇಪ್‌ನಲ್ಲೋ ಕೋರೆಲ್‌ಡ್ರಾದಲ್ಲೋ (ಎರಡೂ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗಳು) ಬರಹವನ್ನು ಸರಿಯಾಗಿ ಕೂರಿಸಿ, ಗೆರೆಗಳಾಗಿ ಪರಿವರ್ತಿಸಿ, ಆಮೇಲೆ ಅದರ ಮೇಲೆ ಕೈಯಿಂದಲೇ ಹೊಲಿಗೆಯ ಆಕೃತಿಗಳನ್ನು ಬಿಡಿಸುವುದು ಸುರಕ್ಷಿತ. ಇದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಒಮ್ಮೆ ಮಾಡಿದ ಅಕ್ಷರಗಳನ್ನು ಉಳಿಸಿಟ್ಟುಕೊಂಡರೆ ಮುಂದಿನ ಶಾಲೆಗೆ ಅವೇ ಬರುತ್ತವೆ.

ಇನ್ನು ಹೊಲಿಗೆಯ ಕ್ರಮ. ಹಣ ಉಳಿಯುವುದೂ ಸೋರುವುದೂ ಇಲ್ಲಿಯೇ. ಎದೆಯ ಮೇಲಿನ ಒಂದು ಲೋಗೋದಲ್ಲಿ 8,000 ಹೊಲಿಗೆಗಳಿವೆ, ಯಂತ್ರ ನಿಮಿಷಕ್ಕೆ 800 ಹೊಲಿಯುತ್ತದೆ ಎಂದಿಟ್ಟುಕೊಂಡರೆ ಹೊಲಿಗೆಗೆ ಹತ್ತು ನಿಮಿಷ. ಅದರ ಮೇಲೆ ಪ್ರತಿ ಬಾರಿ ದಾರ ಕತ್ತರಿಸಿ (ಟ್ರಿಮ್) ಮತ್ತೆ ಶುರುಮಾಡಲು ಏಳು ಸೆಕೆಂಡ್ ಹಿಡಿಯುತ್ತದೆ ಎನ್ನಿ. 12 ಹೆಡ್ಡಿನ ಯಂತ್ರದಲ್ಲಿ 600 ಅಂಗಿಗಳೆಂದರೆ 50 ಸುತ್ತು. ಫೈಲಿನಲ್ಲಿ 12 ಟ್ರಿಮ್ ಇದ್ದದ್ದನ್ನು ಐದಕ್ಕೆ ಇಳಿಸಿದರೆ ಇಡೀ ಆರ್ಡರಿನಲ್ಲಿ ಸುಮಾರು 40 ನಿಮಿಷ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಟ್ರಿಮ್ ನಂತರದ ಮರುಆರಂಭದಲ್ಲಿ 12ರಲ್ಲಿ ಯಾವುದೋ ಒಂದು ಹೆಡ್ಡಿನಲ್ಲಿ ದಾರ ಸೂಜಿಯಿಂದ ಜಾರಿಬಿಡುವ ಸಾಧ್ಯತೆ ಇರುತ್ತದೆ, ಒಂದು ಹೆಡ್ ನಿಂತರೆ ಹನ್ನೆರಡೂ ನಿಲ್ಲುತ್ತವೆ. ದರವನ್ನು ಸಾವಿರ ಹೊಲಿಗೆಗೆ ಇಷ್ಟು ಎಂದು ಕಟ್ಟುವ ನಮ್ಮ ಪದ್ಧತಿಯಲ್ಲಿ ಈ ಟ್ರಿಮ್‌ಗಳಿಗೆ ಯಾರೂ ಕಾಸು ಕೊಡುವುದಿಲ್ಲ ಎಂಬುದನ್ನು ಯಂತ್ರದ ಮಾಲೀಕರು ನೆನಪಿಟ್ಟುಕೊಳ್ಳಬೇಕು.

ಟ್ರಿಮ್ ತಪ್ಪಿಸುವ ವಿದ್ಯೆಗೆ ನಮ್ಮಲ್ಲೇ ಒಳ್ಳೆಯ ಗುರುಗಳಿದ್ದಾರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಗಂಟು ಹಾಕುವ ಹಾಗಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಹಾಗಾಗಿ ಕಸೂತಿ ಹಾಕುವ ಹೆಂಗಸರು ಎಳೆ ಎಣಿಸಿಕೊಂಡು ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ, ಹೊರಟ ಜಾಗಕ್ಕೇ ಮರಳುತ್ತಾರೆ. ಗೋಪುರದ ಚಿತ್ರವಾದರೆ ಅದರ ಕವಲುಗಳೆಲ್ಲ ಮುಗಿಯುವಂತೆ, ದಾರ ಎಲ್ಲೂ ಸಿಕ್ಕಿಕೊಳ್ಳದಂತೆ ಆ ದಾರಿಯನ್ನು ಸೂಜಿ ಹಿಡಿಯುವ ಮೊದಲೇ ತಲೆಯಲ್ಲಿ ಹಾಕಿಕೊಂಡಿರಬೇಕು. ಪಂಚಿಂಗ್ ಚೆನ್ನಾಗಿ ಬಲ್ಲವರು ಮಾಡುವುದೂ ಇದೇ ಕೆಲಸ: ಬಳ್ಳಿಯ ಕಾಂಡದ ಮೇಲೆ ಓಟದ ಹೊಲಿಗೆಯಲ್ಲಿ ತುದಿಯವರೆಗೆ ಹೋಗಿ, ಬರುವ ದಾರಿಯಲ್ಲಿ ಒಂದೊಂದೇ ಎಲೆಯನ್ನು ತುಂಬಿ, ಹೋದಾಗಿನ ಓಟವನ್ನು ಕಾಂಡದ ಸ್ಯಾಟಿನ್ ಅಡಿ ಮುಚ್ಚಿ, ಒಂದೇ ದಾರದಲ್ಲಿ ಮುಗಿಸುವುದು. ಹೊಸದಾಗಿ ಕಲಿಯುವವರು ಗವಂತಿಯ ಒಂದು ಗೋಪುರವನ್ನು ಕೈಯಲ್ಲಿ ಹಾಕಿ ನೋಡಿದರೆ ಈ ಪಾಠ ಒಂದು ಮಧ್ಯಾಹ್ನದಲ್ಲಿ ಹತ್ತುತ್ತದೆ. ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ: ಯಂತ್ರದಲ್ಲಿ ಕಸೂತಿಯ ಮಾದರಿಯನ್ನು ಹೊಲಿಯಬಹುದು, ಅದನ್ನು ಕಸೂತಿ ಎಂದು ಮಾರಬಾರದು. ಯಂತ್ರದ ಹೊಲಿಗೆಗೆ ಹಿಂಬದಿಯಲ್ಲಿ ಬಾಬಿನ್ ದಾರ, ಅಂದರೆ ಕೆಳಗಿನ ಉರುಳೆಯಿಂದ ಬರುವ ಇನ್ನೊಂದು ದಾರ, ಇದ್ದೇ ಇರುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಇರುವುದು ಕೈಕೆಲಸಕ್ಕೆ.

ಕ್ರಮದ ಇನ್ನೊಂದು ನಿಯಮ, ನಡುವಿನಿಂದ ಹೊರಕ್ಕೆ ಹೋಗುವುದು, ತುಂಬು ಹೊಲಿಗೆ ಮುಗಿದ ಕೂಡಲೇ ಅದರ ಗೆರೆಯನ್ನೂ ಮುಗಿಸುವುದು. ಎಲ್ಲ ಕಪ್ಪು ಗೆರೆಗಳನ್ನೂ ಕೊನೆಗೆ ಒಟ್ಟಿಗೆ ಹಾಕಿದರೆ ಬಣ್ಣ ಬದಲಾವಣೆ ಕಡಿಮೆಯಾಗುತ್ತದೆ ನಿಜ, ಆದರೆ ಅಷ್ಟು ಹೊತ್ತಿಗೆ ಬಟ್ಟೆ ಸರಿದಿರುತ್ತದೆ. ಬಿಗಿ ಬಟ್ಟೆಯಲ್ಲಿ ಈ ಉಳಿತಾಯ ಮಾಡಿಕೊಳ್ಳಿ, ಟಿ-ಶರ್ಟಿನಲ್ಲಿ ಬೇಡ. ಟೋಪಿಗೆ ಫೈಲ್ ಕಡ್ಡಾಯವಾಗಿ ಬೇರೆಯೇ ಬೇಕು, ಏಕೆಂದರೆ ಅಲ್ಲಿ ಕೆಳಗಿನ ಪಟ್ಟಿಯಿಂದ ಮೇಲಕ್ಕೆ, ನಡುವಿನಿಂದ ಎರಡೂ ಬದಿಗೆ ಹೊಲಿಯದಿದ್ದರೆ ಬಟ್ಟೆ ಅಲೆಯಾಗಿ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ.

ರವಿಕೆಯ ಕೆಲಸ ಮಾಡುವವರಿಗೆ ಸಮಸ್ಯೆ ಬೇರೆ. ಕತ್ತಿನ ಸುತ್ತಲಿನ ವಿನ್ಯಾಸವನ್ನು 34ರ ಅಳತೆಗೆ ಮಾಡಿ 38ಕ್ಕೆ ಹಿಗ್ಗಿಸಿದರೆ ಮಾವಿನಕಾಯಿ ಬುಟ್ಟಾ ಕೂಡ ದಪ್ಪವಾಗುತ್ತದೆ, ಸೀರೆಯ ಅಂಚಿನ ಬುಟ್ಟಾಕ್ಕೆ ಹೊಂದುವುದಿಲ್ಲ. ಬುಟ್ಟಾದ ಅಳತೆಯನ್ನು ಹಾಗೆಯೇ ಇಟ್ಟು ಅದರ ಸಂಖ್ಯೆಯನ್ನೂ ನಡುವಿನ ಅಂತರವನ್ನೂ ಬದಲಿಸಬೇಕು. ದರ್ಜಿಯ ಕಾಗದದ ಮಾದರಿಯನ್ನು ಸ್ಕ್ಯಾನ್ ಮಾಡಿ ಅದರ ಗೆರೆಯ ಮೇಲೆಯೇ ಫೈಲ್ ಕಟ್ಟಿರಿ, ಹೊಲಿಗೆಗೆ ಮಡಿಸಿಹೋಗುವ ಅಂಚನ್ನು ಖಾಲಿ ಬಿಡಿ, ಬಲತೋಳಿನ ನವಿಲು ಎಡತೋಳಿನ ನವಿಲಿಗೆ ಎದುರುಮುಖವಾಗಿರಲಿ. ಬಟ್ಟೆಯನ್ನು ಕತ್ತರಿಸುವುದು ಎಂಬ್ರಾಯ್ಡರಿ ಆದ ಮೇಲೆಯೇ. ದಟ್ಟ ಹೊಲಿಗೆ ಬಿದ್ದ ಬಟ್ಟೆ ಕುಗ್ಗಿರುತ್ತದೆ, ಮೊದಲೇ ಕತ್ತರಿಸಿದರೆ ತೋಳು ಗಿಡ್ಡವಾಗುತ್ತದೆ.

ಫೈಲ್ ಮುಗಿದ ಮೇಲೆ ಸ್ಯಾಂಪಲ್. ಆರ್ಡರಿನದೇ ಬಟ್ಟೆ, ಅದೇ ದಾರ, ಅದೇ ಬ್ಯಾಕಿಂಗ್ ಇರಬೇಕು. ಮೂಲೆಯಲ್ಲಿ ಬಿದ್ದಿದ್ದ ಚಿಂದಿಯ ಮೇಲೆ ಹೊಲಿದದ್ದು ಸ್ಯಾಂಪಲ್ ಅಲ್ಲ. ಅದನ್ನು ತಿರುಗಿಸಿ ನೋಡಿ: ಸ್ಯಾಟಿನ್ ಪಟ್ಟಿಯ ಹಿಂಬದಿಯಲ್ಲಿ ನಡುವಿನ ಮೂರನೇ ಒಂದು ಭಾಗದಷ್ಟು ಬಾಬಿನ್ ದಾರ ಕಂಡರೆ ದಾರದ ಬಿಗಿತ ಸರಿಯಿದೆ. ಬಿಗಿತ ಸರಿಪಡಿಸದೆ ಫೈಲನ್ನು ತಿದ್ದಲು ಕೂರಬೇಡಿ, ಯಂತ್ರದ ತಪ್ಪನ್ನು ಫೈಲಿನಲ್ಲಿ ಸರಿಮಾಡಿದರೆ ಇನ್ನೊಂದು ಯಂತ್ರದಲ್ಲಿ ಅದು ತಪ್ಪಾಗಿಯೇ ಹೊಲಿಯುತ್ತದೆ. ಆಮೇಲೆ ಒಮ್ಮೆ ಒಗೆದು ಇಸ್ತ್ರಿ ಮಾಡಿ ನೋಡಿ. ಒಪ್ಪಿಗೆಯಾದ ಸ್ಯಾಂಪಲ್ಲಿಗೆ ದಾರದ ಸಂಖ್ಯೆ, ಸೂಜಿಯ ಕ್ರಮ, ಅಳತೆ, ಬ್ಯಾಕಿಂಗ್, ಫೈಲಿನ ಹೆಸರು ಬರೆದ ಚೀಟಿಯನ್ನು ಪಿನ್ ಮಾಡಿ ಯಂತ್ರದ ಬಳಿ ತೂಗುಹಾಕಿ. ‘ಫೈನಲ್’, ‘ಫೈನಲ್ ಹೊಸದು’ ಎಂಬ ಹೆಸರುಗಳಿಂದ ಆದ ನಷ್ಟದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಗ್ರಾಹಕರ ಸಂಕೇತ, ಅಗಲ, ಬಟ್ಟೆ, ತಿದ್ದುಪಡಿಯ ಸಂಖ್ಯೆ ಇಷ್ಟನ್ನು ಹೆಸರಿನಲ್ಲೇ ತನ್ನಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ. ಚಿತ್ರ ಕೊಟ್ಟರೆ ತಾನೇ ಫೈಲ್ ಮಾಡುವ ಸಾಫ್ಟ್‌ವೇರ್ ಇರುವಾಗ ಇಷ್ಟೆಲ್ಲ ಏಕೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಅದು ಬಣ್ಣದ ಗಡಿಯನ್ನು ನೋಡುತ್ತದೆ, ಬಟ್ಟೆಯನ್ನು ನೋಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಚಿತ್ರವನ್ನು ಕೊಟ್ಟರೆ ಮಸುಕಿನ ಪ್ರತಿ ಕಲೆಯನ್ನೂ ಒಂದು ಆಕೃತಿಯೆಂದು ತಿಳಿದು ಹತ್ತಾರು ಟ್ರಿಮ್ ಸೇರಿಸುತ್ತದೆ. ಕಲಿಕೆಗೆ ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ. ಇಂಕ್‌ಸ್ಕೇಪ್‌ಗೆ ಸೇರಿಸಿಕೊಳ್ಳುವ ಇಂಕ್/ಸ್ಟಿಚ್ ಉಚಿತವಾಗಿದೆ, ಡಿಎಸ್‌ಟಿ ಫೈಲನ್ನೂ ಕೊಡುತ್ತದೆ.

ಇನ್ನೊಂದು ಪ್ರಶ್ನೆ ಘಟಕದ ಮಾಲೀಕರದು: ಮೂಲ ಫೈಲ್ ಯಾರ ಸ್ವತ್ತು? ಪಂಚಿಂಗ್ ಶುಲ್ಕದಲ್ಲಿ ಡಿಎಸ್‌ಟಿ ಮಾತ್ರ ಸೇರಿದೆಯೇ, ಇಎಂಬಿಯೂ ಸೇರಿದೆಯೇ ಎಂಬುದನ್ನು ಕೆಲಸ ಹಿಡಿಯುವಾಗಲೇ ಬರೆದುಕೊಳ್ಳಬೇಕು. ಬಾಯಿಮಾತಿನಲ್ಲಿ ಬಿಟ್ಟರೆ ಎರಡನೇ ಆರ್ಡರಿನ ಹೊತ್ತಿಗೆ ಮನಸ್ತಾಪವಾಗುತ್ತದೆ. ವಿನ್ಯಾಸದ ಹಕ್ಕಿನ ವಿಷಯ ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯರೋ ಅವರ ಅನುಮತಿ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಬಾರಿ ವಸ್ತುಗಳ ಮೇಲೆ ಮೂಡಿಸಿದರೆ ಅದರ ಹಕ್ಕುಸ್ವಾಮ್ಯ ಅಲ್ಲಿಗೆ ನಿಲ್ಲುತ್ತದೆ. 12 ಹೆಡ್ಡಿನ ಯಂತ್ರಕ್ಕೆ ಇದು ಐದು ಸುತ್ತಿನ ಕೆಲಸ. ಸ್ವಂತ ಬುಟ್ಟಾಗಳನ್ನು ಮಾರುಕಟ್ಟೆಗೆ ತರುವವರು 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿಗೆ ಹೋಗುವುದು ಒಳ್ಳೆಯದು, ಮತ್ತು ಆ ಅರ್ಜಿ ವಿನ್ಯಾಸವನ್ನು ಎಲ್ಲಿಯೂ ಪ್ರಕಟಿಸುವ, ಮಾರುವ ಮೊದಲೇ ಸಲ್ಲಿಕೆಯಾಗಿರಬೇಕು.